ಬಗಲಲ್ಲಿ ಕಿಂಡಿ ಹೊತ್ತವರು

ಬಸ್ಸಿನಲ್ಲಿ ಕೋಳಿ ಒಯ್ಯುವವರನ್ನು ನೀವು ನೋಡಿರುತ್ತೀರಿ, ಕುರಿಮರಿ ಒಯ್ಯುವವರನ್ನೂ ನೋಡಿರುತ್ತೀರಿ. ಬಗಲಲ್ಲಿ ಒಂದು ಕಿಂಡಿ ಇಟ್ಟುಕೊಂಡು ಹಾವೇರಿಯಿಂದ ರಾಣೆಬೆನ್ನೂರಿಗೆ ಹೋದವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರ ಪಕ್ಕದಲ್ಲೇ ಕೂತು, ಸಾಧ್ಯವಾದಷ್ಟು ಅಪರಿಚಿತನಂತೆ ಕಿಟಕಿಯಾಚೆ ನೋಡುತ್ತ ಹೋಗಿದ್ದೇನೆ. ಅವರು ನನ್ನ ಸೋದರಮಾವ!

ಕಿಂಡಿ ಅವರ ಮೆಟಡಾರ್ ವ್ಯಾನಿನ ನೆತ್ತಿಯ ಮೇಲಿನದು. ಆ ವ್ಯಾನು ಮೊದಲು ಒಂದು ನಾಟಕ ಕಂಪನಿಯದಾಗಿತ್ತು. ಪ್ರಚಾರದವನು ಎದ್ದುನಿಂತು ಎದೆಯವರೆಗೆ ಹೊರಬಂದು ಮೈಕಿನಲ್ಲಿ ಕೂಗಲೆಂದು ಮಾಡಿನಲ್ಲಿ ಚೌಕಾಕಾರದ ಕಿಂಡಿ ಕೊರೆದಿದ್ದರು. ಕಂಪನಿ ಮುಳುಗಿತು, ಮಾವ ವ್ಯಾನು ಕೊಂಡರು. ಒಳಗೆ ಎರಡು ಮಂಚ, ಒಂದು ಸ್ಟೋವು, ನೀರಿನ ಡ್ರಮ್ಮು, ಗೋಡೆಗೊಂದು ಕ್ಯಾಲೆಂಡರು. "ಇದು ಗಾಡಿ ಅಲ್ಲ, ಮನಿ. ಇದಕ್ಕ ಗಾಲಿ ಅದಾವು ಅಷ್ಟ" ಎನ್ನುತ್ತಿದ್ದರು. ಆ ಕಿಂಡಿಯ ಮೇಲೆ ಯಾವುದೋ ಹಳೆಯ ಕೂಲರ್ ಕೂರಿಸಿದ್ದರು. ಒಂದು ಮಧ್ಯಾಹ್ನ ಬ್ಯಾಡಗಿಯ ದಾರಿಯಲ್ಲಿ ಆಲದ ಕೊಂಬೆಯೊಂದು ಅದನ್ನು ಮಾವಿನಕಾಯಿ ಕಿತ್ತ ಹಾಗೆ ಕಿತ್ತುಕೊಂಡಿತು. ನನ್ನ ನೆನಪಿನಲ್ಲಿ ಅದು ಕೊಂಬೆಗೆ ಜೋತುಬಿದ್ದಿದೆ, ಅದರ ಫ್ಯಾನು ಇನ್ನೂ ತಿರುಗುತ್ತಿದೆ. ವೈರು ಕಿತ್ತುಹೋದ ಫ್ಯಾನು ತಿರುಗುವುದು ಹೇಗೆ? ನನಗೂ ಗೊತ್ತು, ತಿರುಗುವುದಿಲ್ಲ. ಆದರೆ ತಿರುಗುತ್ತಿದೆ, ಏನು ಮಾಡಲಿ!

ಇಷ್ಟೇ ಆಗಿದ್ದರೆ ಕಿಂಡಿಗೆ ಒಂದು ತಗಡು ಹೊಡೆದು ಸುಮ್ಮನಿರಬಹುದಿತ್ತು. ಟ್ರಂಕಿನ ಅಂಗಡಿಯ ಯಾಸೀನ್ ಸಾಹೇಬರು, ಮಾವನ ಬಾಲ್ಯದ ಗೆಳೆಯರು, ಅದನ್ನೇ ಹೇಳಿದರು.

"ಮುಚ್ಚಿಬಿಡೋ ಮಾರಾಯಾ. ಮ್ಯಾಲಿಂದ ಮಳಿ ಬರತೈತಿ, ಕಾಗಿ ಬರತೈತಿ. ಥಂಡಿ ಎಲ್ಲಿಂದ ಬರಬೇಕು?"

"ಆಕಿ ರಾಯಚೂರಿಗೆ ಹೋಗಬೇಕು," ಎಂದರು ಮಾವ.

ಆಕೆ ಎಂದರೆ ನನ್ನ ಅತ್ತೆ. ಹೊಟ್ಟೆಯ ಆಪರೇಶನ್ ಆದಮೇಲೆ ಅತ್ತೆಗೆ ಬಿಸಿಲು ತಡೆಯುತ್ತಿರಲಿಲ್ಲ. ಒಮ್ಮೆ ಬಸ್ಸಿನಲ್ಲೇ ಕಣ್ಣಿಗೆ ಕತ್ತಲೆ ಬಂದು ಬಿದ್ದು, ಹತ್ತು ಜನ ಸುತ್ತ ನಿಂತು ಗಾಳಿ ಹಾಕಿದ ಅವಮಾನಕ್ಕೆ ಆಕೆ ಬೇಸಿಗೆಯಲ್ಲಿ ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದಳು. ಈಗ ರಾಯಚೂರಿನಲ್ಲಿ ತಂಗಿಯ ಮಗಳ ಮದುವೆ. ಆ ಹುಡುಗಿ ಹುಟ್ಟಿದ್ದು, ನಡೆಯಲು ಕಲಿತದ್ದು, ಮೊದಲ ಸಲ ಶಾಲೆಗೆ ಹೋಗಿ ಅತ್ತದ್ದು, ಎಲ್ಲ ಅತ್ತೆಯ ಮನೆಯಲ್ಲಿ. ಮದುವೆ ಮೇ ತಿಂಗಳಲ್ಲಿ. ಮೇ ತಿಂಗಳ ರಾಯಚೂರು! ಅಲ್ಲಿ ಬಿಸಿಲಿಗೂ ಬೆವರು ಬರುತ್ತದೆಯಂತೆ.

"ನಾ ಬರಂಗಿಲ್ಲ. ಸೀರಿ ಕೊಟ್ಟು ಕಳಸ್ತೇನಿ. ನೀವು ಹೋಗಿ ಅಕ್ಕಿಕಾಳು ಹಾಕಿ ಬರ್ರಿ," ಎಂದಳು ಅತ್ತೆ, ಅಕ್ಕಿ ಆರಿಸುತ್ತ, ತಲೆ ಎತ್ತದೆ.

"ಹೆಂಗ ಬರಂಗಿಲ್ಲ ನೋಡತೇನಿ," ಎಂದರು ಮಾವ. ಅಂದೇ ಒಂದು ದೊಡ್ಡ ರಟ್ಟು ತಂದು, ವ್ಯಾನಿನ ಮೇಲೆ ಹತ್ತಿ, ಕಿಂಡಿಯ ಅಳತೆಗೆ ಸರಿಯಾಗಿ ಅದರ ನಡುವೆ ಚೌಕ ಕತ್ತರಿಸಿದರು. ಹಾವೇರಿಯಲ್ಲಿ ಆಗ ನನಗೆ ಹೊಸದಾಗಿ ಕೆಲಸ ಸಿಕ್ಕು, ಅವರದೇ ಮನೆಯ ಹಿಂದಿನ ಖೋಲಿಯಲ್ಲಿ ಇದ್ದೆ. ಬಾಡಿಗೆ ಕೊಡದವನು ಬುದ್ಧಿ ಹೇಳಬಾರದು. ಆದರೂ ಹೇಳಿದೆ: "ಮಾಮಾ, ಕತ್ತರಿಸಿದ ತುಂಡು ಒಯ್ದರ ಸಾಕಲ್ಲ? ಸಣ್ಣದೈತಿ."

"ಅದು ಮುಚ್ಚಳಾ. ನನಗ ಬೇಕಾಗಿದ್ದು ಕಿಂಡಿ," ಎಂದು, ರಟ್ಟಿನ ಚೌಕಟ್ಟನ್ನು ಬಗಲಿಗೆ ಏರಿಸಿ, ಅದರಲ್ಲಿ ಕೂರುವಂಥ ಥಂಡಿ ಯಂತ್ರ ಹುಡುಕಲು ಹೊರಟೇಬಿಟ್ಟರು.

ಬಸ್ಸಿನಲ್ಲಿ ಕಂಡಕ್ಟರ್ ಅದನ್ನು ಮೇಲಿಂದ ಕೆಳಗೆ ನೋಡಿದ. "ಏನ್ರಿ ಇದು?"

"ಕಿಂಡಿ."

"ಭಾಳ ದೊಡ್ಡದೈತ್ರಿ. ಲಗೇಜ್ ಟಿಕೆಟ್ ತಗೋಬೇಕಾಗತೈತಿ."

"ಸುತ್ತಲಿನ ರಟ್ಟಿಗೆ ಹರಿ. ನಡುವ ಏನೂ ಇಲ್ಲ, ಅದಕ್ಕ ಕೊಡಂಗಿಲ್ಲ."

ಕಂಡಕ್ಟರ್ ಕಿಂಡಿಯೊಳಗಿಂದ ಮಾವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಟಿಕೆಟ್ ಹರಿಯದೆ ಮುಂದೆ ಹೋದ. ಮಾವ ಇದನ್ನು ಗೆಲುವು ಎಂದುಕೊಂಡರು. ನಾನು ಅದನ್ನು ಮರುಕ ಎಂದುಕೊಂಡೆ.

ರಾಣೆಬೆನ್ನೂರಿನ ದೊಡ್ಡ ಅಂಗಡಿಯಲ್ಲಿ ನಿಜವಾದ ಏರ್ ಕಂಡೀಶನರ್ ಇತ್ತು. ಮಾವ ಬೇರೇನೂ ಕೇಳದೆ ರಟ್ಟನ್ನು ಅದರ ಮೇಲಿಂದ ಇಳಿಬಿಟ್ಟರು. ಕೂದಲೆಳೆಯೂ ಸಿಕ್ಕಿಕೊಳ್ಳದಂತೆ ಕೂತಿತು! ಅವರ ಕಣ್ಣು ತುಂಬಿದ್ದು ಖರೆ.

"ಯಾವ ಖೋಲಿಗ್ರಿ ಇದು?" ಅಂಗಡಿಯವನು ಕೇಳಿದ.

"ಖೋಲಿ ಅಲ್ಲ, ಗಾಡಿಗೆ."

"ಗಾಡಿಗೆ ಕರೆಂಟ್ ಎಲ್ಲಿಂದ ಕೊಡತೀರಿ? ಇದೇನು ಬ್ಯಾಟರಿ ಮ್ಯಾಲೆ ನಡಿಯೂದಲ್ರಿ. ಹಾವೇರಿಯಿಂದ ರಾಯಚೂರ ತನಕ ವೈರ್ ಎಳಕೊಂಡು ಹೋಗತೀರೇನು?"

ಅಂಗಡಿಯ ಹುಡುಗರೆಲ್ಲ ನಕ್ಕರು. ಮಾವ ನಗಲಿಲ್ಲ. ಗಂಭೀರವಾಗಿ ಕೇಳಿದರು: "ಎಷ್ಟು ವೈರ್ ಬೇಕಾದೀತು?"

ಜಾತಕ ಕೂಡಿಬಂದಿತ್ತು, ವರನಿಗೆ ಉಣ್ಣಿಸುವ ತಾಕತ್ತು ನಮಗಿರಲಿಲ್ಲ. ಕಿಂಡಿ ಮತ್ತೆ ಬಗಲೇರಿತು.

ಮುಂದಿನದು ಬ್ಯಾಡಗಿಯಲ್ಲಿ ನಡೆಯಿತು. ಅಲ್ಲಿ ಒಬ್ಬ ದಲಾಲರ ಗೋದಾಮಿನಲ್ಲಿ ಮೆಣಸಿನಕಾಯಿ ಚೀಲಗಳಿಗೆ ಗಾಳಿ ಹೊಡೆಯುತ್ತಿದ್ದ ದೊಡ್ಡ ಬ್ಲೋವರ್ ಮಾರಾಟಕ್ಕಿತ್ತು. ರಟ್ಟು ಹಿಡಿದು ನೋಡಿದರೆ ಎಲ್ಲ ಕಡೆ ನಾಲ್ಕು ಬೆರಳು ಸಡಿಲ. "ಸಡಿಲ ಇದ್ರ ಗೋಣಿತಾಟು ತುರುಕೂಣು, ಮೋಟಾರ್ ಆಮ್ಯಾಲ ಬದಲಿ ಮಾಡೂಣು," ಎಂದರು ಮಾವ. ನಾನು ಮೂಗು ಮುಚ್ಚಿಕೊಂಡೇ ಕೇಳಿದೆ: "ಘಾಟು?"

ದಲಾಲರು ಉದ್ದಕ್ಕೆ ಉಸಿರೆಳೆದು ನೋಡಿದರು. ಪಕ್ಕದಲ್ಲಿದ್ದ ಹಮಾಲನೂ ಎಳೆದು ನೋಡಿದ. "ಯಾವ ಘಾಟ್ರಿ?" ಎಂದರು ಇಬ್ಬರೂ. ಸುಳ್ಳಲ್ಲ. ಬ್ಯಾಡಗಿಯಲ್ಲಿ ಹುಟ್ಟಿ ಬೆಳೆದವರಿಗೆ ಮೆಣಸಿನಕಾಯಿಯ ಘಾಟೇ ಗಾಳಿ. ಮೀನಿಗೆ ಹೋಗಿ ನೀರು ಒದ್ದೆಯೇ ಎಂದು ಕೇಳಿದಂತಾಯಿತು! "ಮತ್ತ ನಮ್ಮ ಕಾಯಿ ಖಾರ ಕಮ್ಮಿರಿ, ಬಣ್ಣ ಅಷ್ಟ," ಎಂದು ದಲಾಲರು ಧೈರ್ಯ ಹೇಳಿದರು.

ಮಾವ ಅದನ್ನು ತೊಳೆದರು, ಒರೆಸಿದರು, ಬಿಸಿಲಿಗಿಟ್ಟರು, ಮತ್ತೆ ತೊಳೆದರು. ಮನೆಯಿಂದ ವೈರು ಎಳೆದು, ಅತ್ತೆಯನ್ನು ಮಂಚದ ಮೇಲೆ ಕೂರಿಸಿ, ಮುಹೂರ್ತ ನೋಡಿ ಸ್ವಿಚ್ ಒತ್ತಿದರು. ಬ್ಲೋವರಿನ ಹೊಟ್ಟೆಯೊಳಗೆ ಎಷ್ಟು ಸುಗ್ಗಿಗಳ ಧೂಳು ಅಡಗಿ ಕೂತಿತ್ತೋ! ಕೆಂಪು ಮೋಡವೊಂದು ಇಳಿಯಿತು. ಅತ್ತೆ ಸೀನಿದಳು, ಮಾವ ಸೀನಿದರು, ನೋಡಲು ಬಂದ ಯಾಸೀನ್ ಸಾಹೇಬರು "ಯಾ ಅಲ್ಲಾ" ಎನ್ನಲು ಹೋಗಿ ಅರ್ಧಕ್ಕೇ ಸೀನಿದರು. ಅತ್ತೆಯ ಹಾಲುಬಿಳುಪಿನ ಸೀರೆ ಕುಂಕುಮದ ನೀರಿಗೆ ಅದ್ದಿದ ಹಾಗಾಗಿತ್ತು. ದಲಾಲರ ಮಾತು ಅರ್ಧ ನಿಜ: ಬಣ್ಣ ಒಳ್ಳೆಯದೇ.

ಅತ್ತೆ ಕಣ್ಣೊರೆಸಿಕೊಳ್ಳುತ್ತ ಹೊರಗಿಳಿದಳು. "ಥಂಡಿ ಮಾಡ್ರಿ ಅಂದ್ರ ನನಗ ಒಗ್ಗರಣಿ ಹಾಕಿದ್ರಲ್ರಿ!" ಎಂದಳು. ಆಮೇಲೆ ಧ್ವನಿ ಇಳಿಸಿ, "ಇನ್ನ ಸಾಕು ಬಿಡ್ರಿ. ನನ್ನ ಸಲುವಾಗಿ ಊರಮಂದಿ ನಗೂದು ಬ್ಯಾಡ," ಎಂದಳು.

"ನಗಲಿ. ನಕ್ಕರ ಗಾಳಿ ಬರತೈತಿ," ಎಂದರು ಮಾವ.

ಕೊನೆಗೆ ಯಾಸೀನ್ ಸಾಹೇಬರು, ಮಾವನ ಕಾಟ ತಾಳದೆ, ಕಿಂಡಿಯ ಅಳತೆಗೆ ಒಂದು ತಗಡಿನ ಪೆಟ್ಟಿಗೆ ಮಾಡಿದರು. ಮಾಡಿದ್ದಲ್ಲ, ಜಗಳಾಡಿದರು. "ಲಾವಂಚ ಎರಡು ಪದರ." "ಒಂದ ಸಾಕೋ, ಗಾಳಿ ಒಳಗ ಬರಬ್ಯಾಡೇನು?" "ಎರಡು." "ನಿನ್ನ ಹೆಂಡ್ತಿನೋ, ಬರ್ಫದ ಗಡ್ಡಿನೋ?" "ಎರಡು ಅಂದೆ." ಎರಡೇ ಆಯಿತು. ಗುಜರಿಗೆ ಹೋದ ಕಾರಿನ ರೇಡಿಯೇಟರ್ ಫ್ಯಾನು, ಮೇಲೊಂದು ನೀರಿನ ಡಬ್ಬಿ, ಹನಿ ಇಳಿಯಲು ಆಸ್ಪತ್ರೆಯ ಸಲಾಯಿನ್ ನಳಿಗೆ. ದೂರದಿಂದ ನೋಡಿದರೆ ವ್ಯಾನು ತಲೆಯ ಮೇಲೆ ಟ್ರಂಕು ಹೊತ್ತು ಗುಳೆ ಹೊರಟಂತೆ ಕಾಣುತ್ತಿತ್ತು. ಬ್ಯಾಟರಿ ಮುದಿಯಾಗಿದ್ದರಿಂದ ಎಂಜಿನ್ ನಡೆದರಷ್ಟೇ ಫ್ಯಾನು, ನಿಂತರೆ ಫ್ಯಾನೂ ನಿಂತಂತೆ.

ಮದುವೆಗೆ ಹೋಗಿ ಮುಟ್ಟಿದೆವು. ಅತ್ತೆ ಆ ಹುಡುಗಿಯ ತಲೆಯ ಮೇಲೆ ತನ್ನ ಕೈಯಾರೆ ಅಕ್ಕಿಕಾಳು ಹಾಕಿದಳು. ಅದೆಲ್ಲ ಫೋಟೋದಲ್ಲಿದೆ, ನಾನು ಹೇಳಬೇಕಾಗಿಲ್ಲ. ಫೋಟೋ ತೆಗೆಯುವವನು ಇಲ್ಲದ ಕಡೆ ನಡೆದದ್ದನ್ನು ಹೇಳುತ್ತೇನೆ. ಸಾಕ್ಷಿಗೆ ನನ್ನ ನೆನಪು ಮಾತ್ರ, ಅದರ ಯೋಗ್ಯತೆ ನಿಮಗೆ ಆಗಲೇ ಗೊತ್ತಾಗಿದೆ.

ಹೊರಡುವ ಮುನ್ನ ಮಾವ ಡ್ರೈವರ್ ಸೀಟಿನ ಹಿಂದೆ ಅಡ್ಡಲಾಗಿ ಒಂದು ಪ್ಲೈವುಡ್ ಹಲಗೆ ಬಿಗಿದಿದ್ದರು. ಹಿಂದಿನ ಥಂಡಿ ಒಂದಿಷ್ಟೂ ಮುಂದಕ್ಕೆ ಸೋರಬಾರದು! ಹಿಂದೆ ಮಂಚದ ಮೇಲೆ ಅತ್ತೆ. ಮುಂದೆ ನಾವಿಬ್ಬರು, ಎಂಜಿನ್ನಿನ ಕಾವು, ಕಿಟಕಿಯಿಂದ ನುಗ್ಗುವ ಬಿಸಿಗಾಳಿ. ಕೊಪ್ಪಳದ ರೈಲ್ವೆ ಗೇಟಿನಲ್ಲಿ ಎಲ್ಲ ಗಾಡಿಗಳೂ ಸುಮ್ಮನಾದವು. ಮಾವ ಮಾತ್ರ ಎಂಜಿನ್ ಆರಿಸಲಿಲ್ಲ. ನಾನು ಇಳಿದು ಚಹಾ ಕುಡಿದೆ, ಅವರು ಇಳಿಯಲೂ ಇಲ್ಲ. ಗಂಗಾವತಿ ದಾಟುವ ಹೊತ್ತಿಗೆ ಅವರ ಅಂಗಿ ಬೆನ್ನಿಗೆ ಅಂಟಿ, ಸ್ಟೇರಿಂಗ್ ಮೇಲೆ ಕೈ ಜಾರುತ್ತಿತ್ತು. ಪ್ರತಿ ಊರು ಬಂದಾಗಲೂ ಹಲಗೆಗೆ ಬಾಯಿ ಹಚ್ಚಿ ಕೂಗುತ್ತಿದ್ದರು: "ಹೆಂಗೈತಿ?"

ಸಿಂಧನೂರಿನ ಈಚೆ ಎಲ್ಲೋ ಹಿಂದಿನಿಂದ ಹಲಗೆ ಬಡಿದ ಸದ್ದಾಯಿತು. ಮಾವ ಬೆದರಿ ರಸ್ತೆಯ ಪಕ್ಕಕ್ಕೆ ತಂದು, ಎಂಜಿನ್ ನಡೆಯುತ್ತಿರುವಂತೆಯೇ, "ಏನಾತು?" ಎಂದು ಚೀರಿದರು.

"ಈ ಹಲಗಿ ತಗೀರಿ," ಎಂದಿತು ಅತ್ತೆಯ ಧ್ವನಿ. "ನನಗ ಭಾಳ ಥಂಡಿ ಆಗಾಕತ್ತೈತಿ."

"ಥಂಡಿ? ಖರೇನ?"

"ಖರೇನ ಅಂದ್ರ. ನಡಗಾಕತ್ತೇನಿ."

ಮಾವ ನನ್ನ ಕಡೆ ತಿರುಗಿದ ಆ ಮುಖ! ಸ್ಕ್ರೂ ಬಿಚ್ಚಿ ಹಲಗೆ ತೆಗೆದರು. ಲಾವಂಚದ ವಾಸನೆಯ ತೆಳ್ಳನೆ ಗಾಳಿ ಅವರ ಕತ್ತಿಗೆ ಬಂದು ತಾಗಿತು. ನಾನು ಹಿಂದೆ ತಿರುಗಿ ನೋಡಿದೆ. ಅತ್ತೆ ಮದುವೆಯಲ್ಲಿ ಬೀಗರಿಗೆ ಹೊದಿಸಲೆಂದು ತಂದ ಉಣ್ಣೆಯ ಶಾಲು ಬಿಚ್ಚಿ ಗಂಟಲವರೆಗೆ ಹೊದ್ದುಕೊಂಡಿದ್ದಳು. ಮೇಲ್ತುಟಿಯ ಮೇಲೆ ಬೆವರು ಸಾಲುಗಟ್ಟಿ ನಿಂತಿತ್ತು. ನಾನು ಬಾಯಿ ತೆರೆಯುವುದರೊಳಗೆ ಆಕೆ ನನ್ನತ್ತ ಕಣ್ಣು ಬಿಟ್ಟಳು. ನಾನು ಮುಂದಕ್ಕೆ ತಿರುಗಿ ಕೂತೆ.

ಮಾವ ಕನ್ನಡಿಯಲ್ಲಿ ಆ ಶಾಲನ್ನು ನೋಡಿದರು. ಗಾಡಿ ಗೇರಿಗೆ ಹಾಕುತ್ತ, ಮೆಲ್ಲಗೆ, ಒಂದಿಷ್ಟು ಕಳವಳದಿಂದಲೇ ಕೇಳಿದರು: "ಸ್ವಲ್ಪ ಹೊತ್ತು ಬಂದ್ ಮಾಡಲೇನ?"

"ಬ್ಯಾಡ," ಎಂದಳು ಅತ್ತೆ. "ನೀವು ಹಿಂಗ ಹೋಗ್ರಿ. ನಾ ತಡಕೋತೇನಿ."