ಮೊದಲ ಲೋಟ ಕಾಕಾನದು

ರಾಜರು ಉಣ್ಣುವ ಮೊದಲು ವಿಷವಿದೆಯೇ ಎಂದು ತಿಂದು ನೋಡುವ ಹುದ್ದೆ ರಾಮದುರ್ಗದಲ್ಲಿ ಸಂಸ್ಥಾನದ ಜೊತೆಗೇ ಮುಗಿಯಿತು ಅಂದುಕೊಂಡಿದ್ದೀರಾ? ಹಾಗಾದರೆ ನೀವು ನಮ್ಮ ಕಾಕಾನನ್ನು ನೋಡಿಲ್ಲ!

ಕಾಕಾ ಹುಟ್ಟಾ ಚಹಾದ ಮನುಷ್ಯ. ಅವನ ಹೆಂಡತಿ ಕಾಕು ಮೈಸೂರು ಕಡೆಯಿಂದ ಸೊಸೆಯಾಗಿ ಬಂದವಳು. ಮಾತು, ಊಟ ಎಲ್ಲ ನಮ್ಮದಾದರೂ ಮುಂಜಾನೆಯ ಒಂದು ಲೋಟ ಕಾಫಿಯನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಬೀಜವನ್ನು ತಾನೇ ಕಪ್ಪಗೆ ಹುರಿಯುತ್ತಾಳೆ. ಆ ಲೋಟಕ್ಕೇ ಕುತ್ತು ಬಂತು! ಬೀಜ ಹುರಿಯುವಾಗ ಅಕ್ರಿಲಮೈಡ್ ಎಂಬ ಹಾನಿಕಾರಕ ರಾಸಾಯನಿಕ ಹುಟ್ಟುತ್ತದೆಂದು ಕಾಕಾ ಮೊಬೈಲಿನಲ್ಲಿ ನೋಡಿದ. ಓಡಿ ಬಂದು ಲೋಟಕ್ಕೆ ಕೈ ಅಡ್ಡ ಹಿಡಿದ.

"ಕುಡೀಬ್ಯಾಡ! ಇದ್ರಾಗ ಅಕ್ರಿಲಮೈಡ್ ಐತಿ!"

"ನಾ ಹಾಕಿದ್ದು ಬರೇ ಸಕ್ರಿ ರೀ."

ಪರೀಕ್ಷೆ ಶುರುವಾಯಿತು. ದಾಸವಾಳದ ಗಿಡಕ್ಕೆ ದಿನಾ ಕಾಫಿ ಸುರಿದ. ಗಿಡ ಸಾಯುವುದಿರಲಿ, ಮೈತುಂಬ ಹೂ ಬಿಟ್ಟಿತು! "ನೋಡು, ಗಿಡಕ್ಕೂ ಚಟ ಹತ್ತೇತಿ" ಎಂದು ತಲೆ ಅಲ್ಲಾಡಿಸಿದ.

ಕೊನೆಗೆ ಪುಡಿಯನ್ನು ಸ್ಟೀಲ್ ಡಬ್ಬಿಗೆ ತುಂಬಿ ಬೆಳಗಾವಿಯ ಒಂದು ಪ್ರಯೋಗಾಲಯಕ್ಕೆ ಹೊರಟ. ಬಸ್ಸಿನಲ್ಲಿ ಪಕ್ಕದವರು ಘಮಕ್ಕೆ ಸೋತು "ಏನ್ರಿ ಅದು?" ಅಂದರೆ "ವಿಷ" ಅಂದನಂತೆ. ಸೀಟು ಪೂರ್ತಿ ಇವನದೇ ಆಯಿತು!

ಪರೀಕ್ಷೆ ಮಾಡಿದವರು ತಿಳಿಸಿ ಹೇಳಿದರು: ಸ್ವಲ್ಪ ಇದೆ, ಹುರಿದ ಕಾಫಿಯಲ್ಲಿ ಇದ್ದೇ ಇರುತ್ತದೆ, ಕಪ್ಪು ಚುಕ್ಕಿ ಬೀಳುವಂತೆ ಬೇಯಿಸಿದ ರೊಟ್ಟಿಯಲ್ಲೂ ಇರಬಹುದು.

"ಹಂಗಾರ ನಾಳಿಯಿಂದ ಖಡಕ್ ರೊಟ್ಟಿ ಬಂದ್. ಕುದಿಸಿದ ಹಿಟ್ಟು ಉಣ್ರಿ" ಅಂದಳು ಕಾಕು.

ಕುದಿಸಿದ ಹಿಟ್ಟಿನ ಒಂದೇ ಊಟಕ್ಕೆ ಕಾಕಾ ಸೋತ, ರೊಟ್ಟಿಗೆ ಜಾಮೀನು ಸಿಕ್ಕಿತು. ಕಾಫಿಗೆ ಸಿಗಲಿಲ್ಲ. ಕಡೆಗೆ ಆದ ರಾಜಿ ಏನು ಗೊತ್ತೇ? ಮೊದಲ ಲೋಟ ಕಾಕಾ ಕುಡಿಯುವುದು, ಅರ್ಧ ತಾಸು ತನ್ನ ನಾಡಿ ತಾನೇ ಹಿಡಿದು ಕೂರುವುದು, ಆಮೇಲೂ ಬದುಕಿದ್ದರೆ ಕಾಕು ಕುಡಿಯುವುದು!

ಮೊನ್ನೆ ಹೋದಾಗ ಕೇಳಿಯೇ ಬಿಟ್ಟೆ. "ಕಾಕಾ, ಇದರ ಕೇಡು ಗೊತ್ತಾಗಾಕ ವರ್ಷಗಟ್ಟಲೆ ಬೇಕಂತ. ಅರ್ಧ ತಾಸಿನ್ಯಾಗ ಏನ ತಿಳೀತೈತಿ?"

ಕಷಾಯ ಕುಡಿದವನ ಮುಖ ಮಾಡಿಕೊಂಡಿದ್ದ ಕಾಕಾ ಅಡುಗೆಮನೆಯತ್ತ ನೋಡಿ ದನಿ ತಗ್ಗಿಸಿದ. "ನನಗೂ ಗೊತ್ತೈತೋ. ಅಕಿ ಬಿಡಾಕಿ ಅಲ್ಲ. ಏನರ ಆಗೂದಿದ್ರ ಇಬ್ರಿಗೂ ಆಗ್ಲಿ. ನಾ ಒಬ್ಬಾವ ಉಳದು ಏನ ಮಾಡ್ಲಿ?"

ನಗಬೇಕೆಂದಿದ್ದವನಿಗೆ ನಗು ಬರಲಿಲ್ಲ. ಕಾಕಾನ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದೆ. ಕಾಕುಗೆ ಎಲ್ಲ ಕೇಳಿಸಿತ್ತು. ಲೋಟ ನನ್ನ ಕೈಯಿಂದ ಇಸಿದುಕೊಂಡು ಸೆರಗಿನಿಂದ ಕಣ್ಣೊರಸಿಕೊಂಡಳು.

"ಅವರಿಗೆ ಹೇಳಬ್ಯಾಡಪಾ. ಇದ್ರಾಗ ನಾ ದಿನಾ ಹಾಕೂದು ಬರೇ ಹಾಲು. ಬಣ್ಣಕ್ಕ ಒಂದೀಟ ಕಾಫಿ ತೋರಿಸಿರತೇನಿ, ಅಷ್ಟ. ವಿಷ ಇದ್ರ ನನ್ನ ಲೋಟದಾಗ ಇರ್ಲಿ."