ಒಂದೇ ಕೇಪು, ಇಬ್ಬರು ಕಸವೀರರು

ನನಗೆ ವಯಸ್ಸಾಯಿತೆಂದು ಒಪ್ಪಿಕೊಳ್ಳಲು ಸಂಕೋಚವೇನಿಲ್ಲ. ಅದನ್ನು ಬೇರೆಯವರು ಹೇಳಬಾರದು, ಅಷ್ಟೇ. ನಾನು ಶಿವಮೊಗ್ಗದ ದುರ್ಗಿಗುಡಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಹನ್ನೆರಡು ವರ್ಷಗಳಿಂದ ಕಸವೀರನೂ ಹೌದು. ಬೀದಿಗೆ ಕಸ ಎಸೆಯುವವರನ್ನು ಸದೆಬಡಿಯುವ ಈ ಸೂಪರ್ ಹೀರೋವನ್ನು ಮಕ್ಕಳಿಗಾಗಿ ಹುಟ್ಟಿಸಿದವನೇ ನಾನು. ಅವನ ಕೆಂಪು ಕೇಪು ನನ್ನ ಹೆಂಡತಿಯ ಹಳೆಯ ಸೀರೆ. ಶುರುವಿನಲ್ಲಿ ಅದು ಬೆನ್ನ ಹಿಂದೆ ಹಾರಾಡುತ್ತಿತ್ತು. ಈಚೆಗೆ ಹೊಟ್ಟೆ ಮುಚ್ಚಲೆಂದು ಮುಂದಕ್ಕೆ ಎಳೆದುಕೊಳ್ಳುತ್ತಿದ್ದೆ.

ಕಳೆದ ವರ್ಷ ಮಂಡಿನೋವೆಂದು ಎರಡು ತಿಂಗಳು ರಜೆ ಹಾಕಿದೆ. ವಾಪಸು ಬರುವಷ್ಟರಲ್ಲಿ ಹೊಸ ಪಿ.ಟಿ. ಟೀಚರ್ ರೇಖಾ ಅದೇ ಕೇಪು ತೊಟ್ಟು ಮೈದಾನದಲ್ಲಿ ಲಾಗ ಹಾಕುತ್ತಿದ್ದರು. ಮಕ್ಕಳು ಹುಚ್ಚೆದ್ದು ಕುಣಿಯುತ್ತಿದ್ದರು. ಇಷ್ಟು ವರ್ಷ ನನ್ನ ಕಸವೀರ ಬಿಗಿದದ್ದು ಭಾಷಣ ಮಾತ್ರ. "ತಗೊಳ್ಳಿ ಸಾರ್, ಇದು ನಿಮ್ದೇ," ಎಂದರು ರೇಖಾ. "ಇಟ್ಕೊಳ್ಳಮ್ಮ, ನನಗೇನು ಆಸೆಯಿಲ್ಲ," ಎನ್ನುತ್ತಲೇ ಮಡಚಿ ಬ್ಯಾಗಿಗೆ ತುರುಕಿಕೊಂಡೆ. ಕೊನೆಗೆ ಹೆಡ್ ಮಿಸ್ ತೀರ್ಪು ಕೊಟ್ಟರು: "ಮೊದಲರ್ಧ ಮೇಷ್ಟ್ರು, ಆಮೇಲೆ ರೇಖಾ. ಜಗಳ ಬೇಡ."

ಈ ಒಪ್ಪಂದದ ಮೊದಲ ಪ್ರದರ್ಶನ ಭದ್ರಾವತಿಯ ಒಂದು ಶಾಲೆಯಲ್ಲಿ. ನನ್ನ ಅರ್ಧ ಮುಗಿಯಿತು. ಕೇಪು ಬಿಚ್ಚಲು ಮನಸ್ಸು ಬರಲಿಲ್ಲ. ಪರದೆಯ ಪಕ್ಕದಿಂದ ರೇಖಾ ಕೈ ಚಾಚಿದರು. ಕಾಣದವನಂತೆ ನಿಂತೆ. ಆಗ ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು, "ಅಜ್ಜ, ನಿಮಗೆ ಹಾರಕ್ಕೆ ಬರುತ್ತಾ?" ಎಂದು ಕೇಳಿದಳು. ಅಜ್ಜ ಎಂದದ್ದಕ್ಕೆ ಕೋಪ ನೆತ್ತಿಗೇರಿತು. ವೇದಿಕೆಯಿಂದ ಹಾರಿಯೇಬಿಟ್ಟೆ. ಇಳಿದದ್ದು ಪ್ರದರ್ಶನಕ್ಕೆಂದು ತರಿಸಿದ್ದ ಹಸಿರು ಬಣ್ಣದ ಕಸದ ಡ್ರಮ್ಮಿನೊಳಗೆ. ಕೈಕಾಲು ಹೊರಗೆ, ಉಳಿದ ನಾನು ಒಳಗೆ. "ಅದು ಹಸಿ ಕಸದ್ದು," ಎಂದು ಅದೇ ಹುಡುಗಿ ತಿದ್ದಿದಳು.

"ರೇಖಾ, ಎತ್ತು ಮಾರಾಯ್ತಿ," ಎಂದೆ. ಮರ್ಯಾದೆಯ ಬಹುವಚನವೆಲ್ಲ ಹಾರಿಹೋಗಿತ್ತು. ಅವರು ಒಂದು ಲಾಗದಲ್ಲಿ ಕೆಳಗಿಳಿದು, ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ, "ಮೊದ್ಲು ಕೇಪು ಕೊಡಿ ಸಾರ್," ಎಂದರು. ಕೊಟ್ಟೆ. ಅದನ್ನು ಕಟ್ಟಿಕೊಂಡೇ ನನ್ನನ್ನು ಎತ್ತಿದರು. ಇದೂ ನಾಟಕವೆಂದುಕೊಂಡು ಮಕ್ಕಳು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು.

ಅಂದಿನಿಂದ ಸವಳಂಗ ರಸ್ತೆಯ ಶಾಲೆಗಳಿಂದಲೂ ಕರೆ ಬರುತ್ತಿದೆ: ಕಸವೀರೆ ಬರಲಿ, ಡ್ರಮ್ಮಿಗೆ ಬೀಳುವ ಅಜ್ಜನೂ ತಪ್ಪದೆ ಬರಲಿ. ಬೀಳುವುದು ನನಗೂ ಒಗ್ಗಿಹೋಗಿತ್ತು. ಮೊನ್ನೆ ಮಾತ್ರ ಜ್ವರವೆಂದು ಮಲಗಿದ್ದೆ. ಗಣಿತದ ಹೊಸ ಮೇಷ್ಟ್ರು ನನ್ನ ಬದಲಿಗೆ ಬಿದ್ದರಂತೆ. "ಪಾಪ, ತುಂಬಾ ಚೆನ್ನಾಗಿ ಬಿದ್ರು ಸಾರ್," ಎಂದು ರೇಖಾ ಫೋನಿನಲ್ಲಿ ಹೊಗಳಿದರು. ಜ್ವರ ಇಳಿಯುವವರೆಗೆ ಕಾಯಲಿಲ್ಲ. ಮರುದಿನದ ಪ್ರದರ್ಶನಕ್ಕೆ ಎಲ್ಲರಿಗಿಂತ ಮೊದಲೇ ಹೋಗಿ ಡ್ರಮ್ಮಿನ ಪಕ್ಕ ನಿಂತಿದ್ದೆ.