ಪೇಟೆ ಬೀದಿಯ ಮಳಿಗೆಗೆ ನಾನು ಕೂಗಿದ ಬೆಲೆ

ಲೆಕ್ಕ ಹೇಳಿಕೊಡುವವನಿಗೆ ಲೆಕ್ಕ ಬರುತ್ತದೆಂದು ಜನ ನಂಬುತ್ತಾರೆ. ಚನ್ನಗಿರಿಯ ಪೇಟೆ ಬೀದಿಯ ಮಳಿಗೆಯೊಂದು ಹರಾಜಿಗೆ ಬರುವ ತನಕ ನಾನೂ ನಂಬಿದ್ದೆ.

ಆಗ ಯುದ್ಧದ ಕಾಲ. ಮೇಷ್ಟರ ಸಂಬಳ ಅಕ್ಕಿ, ಸೀಮೆಎಣ್ಣೆಗೇ ಮುಗಿಯುತ್ತಿತ್ತು. ಬಾಡಿಗೆ ಬರುವಂಥ ಒಂದು ಮಳಿಗೆಯಿದ್ದರೆ ಮುಪ್ಪಿಗೆ ಆಧಾರವೆಂದು ನನಗೂ ನನ್ನ ಹೆಂಡತಿ ಗೌರಮ್ಮನಿಗೂ ಆಸೆ. ಆ ಮಳಿಗೆಯಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಬಾಡಿಗೆ ಕೊಟ್ಟುಕೊಂಡು ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಇಮಾಮ್ ಸಾಬರು ಏನನ್ನೂ ಮುಚ್ಚಿಡಲಿಲ್ಲ. “ಮೇಷ್ಟ್ರೇ, ಹಿಂದಿನ ಗೋಡೆ ಬಿರುಕು ಬಿಟ್ಟೈತೆ. ಮಳೆ ಬಂದ್ರೆ ಕೊಡೆ ಹಿಡ್ಕಂಡು ಕೆಲಸ ಮಾಡ್ಬೇಕು. ಆರುನೂರರ ಮ್ಯಾಲೆ ಹೋಗಬ್ಯಾಡ್ರಿ” ಎಂದರು. ಸ್ಲೇಟಿನ ಮೇಲೆ ಮಾಡಿದ ನನ್ನ ಲೆಕ್ಕವೂ ಆರುನೂರೇ ಎಂದಿತು.

ಹರಾಜಿನ ದಿನ ಐನೂರೈವತ್ತಕ್ಕೆ ಎಲ್ಲರೂ ಹಿಂದೆ ಸರಿದರು. ಉಳಿದವರು ನಾನು ಮತ್ತು ಜವಳಿ ವ್ಯಾಪಾರಿ ಮಲ್ಲಪ್ಪನವರು. ಅವರು “ಆರುನೂರ ಹತ್ತು” ಎಂದಾಗ ನಾನು ಮನೆಯ ದಾರಿ ಹಿಡಿಯಬೇಕಿತ್ತು. ಆದರೆ ನೂಲೆಳೆಯನ್ನೂ ಅಳೆದು ಮಾರುವ ಮಲ್ಲಪ್ಪನವರೇ ಕೂಗುತ್ತಿದ್ದಾರೆಂದರೆ ನನಗೆ ತಿಳಿಯದ ಏನೋ ಇರಲೇಬೇಕಲ್ಲ! ಬಸ್ ಸ್ಟ್ಯಾಂಡ್ ಇಲ್ಲಿಗೇ ಬರುತ್ತದೋ ಏನೋ. “ಆರುನೂರೈವತ್ತು!” ಎಂದೆ. ಅವರು ಏರಿಸಿದರು, ನಾನೂ ಏರಿಸಿದೆ. ಇಮಾಮ್ ಸಾಬರು ಹಿಂದಿನಿಂದ ಕೋಟು ಜಗ್ಗಿದರು, ಕೊಡವಿಕೊಂಡೆ. “ಒಂಬೈನೂರು!” ಎಂಬ ಕೂಗು ಕೇಳಿ ಯಾರಪ್ಪಾ ಈ ಹುಚ್ಚ ಎಂದು ತಿರುಗಿ ನೋಡಿದೆ. ಜನವೆಲ್ಲ ನನ್ನನ್ನೇ ನೋಡುತ್ತಿತ್ತು.

ಮೂರು ಬಾರಿ ಕೂಗಿ ಮಳಿಗೆಯನ್ನು ನನ್ನ ಹೆಸರಿಗೆ ಮಾಡಿದರು. ಮಲ್ಲಪ್ಪನವರು ಹತ್ತಿರ ಬಂದು ಪಿಸುಗುಟ್ಟಿದರು: “ಇನ್ನಾದ್ರೂ ಹೇಳ್ರಿ ಮೇಷ್ಟ್ರೇ, ಆ ಮಳಿಗೆನಾಗೆ ಅಂಥಾದ್ದೇನೈತೆ?”

“ನಿಮ್ಮನ್ನೇ ಕೇಳಬೇಕಂತಿದ್ದೆ. ನೀವ್ಯಾಕೆ ಕೂಗಿದಿರಿ?”

“ಓದಿದೋರು ನೀವು ಕೂಗ್ತಿದ್ರಿ. ಸರ್ಕಾರದ್ದು ಏನೋ ಸುದ್ದಿ ಗೊತ್ತೈತೆ ಅಂದ್ಕಂಡೆ!”

ಮನೆಯಲ್ಲಿ ಗೌರಮ್ಮ ಸುದ್ದಿ ಕೇಳಿ ತವರಿನ ಬಂಗಾರದ ಬಳೆ ಬಿಚ್ಚಿ ನನ್ನ ಕೈಗಿಟ್ಟು, “ಸ್ಲೇಟು ಒರೆಸಿಡ್ರಿ” ಎಂದಷ್ಟೇ ಅಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ತಿಂಗಳು ತುಂಬುವುದರೊಳಗೆ ದೇವರೇ ಕಳಿಸಿದಂತೆ ನ್ಯಾಮತಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬ ಮನೆಗೆ ಬಂದ. ಮಳಿಗೆಗೆ ಒಂಬೈನೂರೈವತ್ತು ಕೊಡುವುದಾಗಿ ಹೇಳಿದ. ಗೌರಮ್ಮ ಬಾಗಿಲ ಸಂದಿಯಿಂದ ಬರಿಗೈ ಆಡಿಸಿ “ಹೂಂ ಅನ್ರಿ, ಹೂಂ ಅನ್ರಿ” ಎಂದು ಸನ್ನೆ ಮಾಡಿದಳು.

ನಾನು ಒಂದು ಕ್ಷಣ ಯೋಚಿಸಿದೆ. ನ್ಯಾಮತಿಯಿಂದ ಇಷ್ಟು ದೂರ ಹುಡುಕಿಕೊಂಡು ಬಂದಿದ್ದಾನೆಂದರೆ ಈತನಿಗೆ ಏನೋ ಗೊತ್ತಿರಲೇಬೇಕು.

“ಕೊಡೋದಿಲ್ಲ” ಎಂದುಬಿಟ್ಟೆ.